ಇಂಬಳದ ಗಂಟು

ವಿಷ ಸಿಕ್ಕಿತೆಂದು ಪೇಡ ಹಂಚುವವರನ್ನು ಯಶಸ್ವಿನಿ ಅವತ್ತೇ ಮೊದಲು ನೋಡಿದ್ದು. ಸೆಪ್ಟೆಂಬರಿನ ಎರಡನೇ ವಾರ. ಸಾಗರದ ಹಳೆಯ ಅಕ್ಕಿ ಗಿರಣಿಯೊಂದರ ಮಹಡಿಯಲ್ಲಿರುವ ಆಹಾರ ಪರೀಕ್ಷೆಯ ಪ್ರಯೋಗಾಲಯಕ್ಕೆ ಅಲ್ಲಿನ ಮುಖ್ಯಸ್ಥ ಡಾಕ್ಟರ್ ಹರ್ಷವರ್ಧನ ಎಂದೂ ಇಲ್ಲದವರು ಒಂಬತ್ತಕ್ಕೇ ಬಂದು, ಪೇಡದ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು, "ಸಿಕ್ತಲ್ಲ ಯಶಸ್ವಿನಿ, ಕಡೆಗೂ ಒಂದು ಸಿಕ್ತಲ್ಲ" ಎಂದರು. ಮಗಳಿಗೆ ರ‍್ಯಾಂಕು ಬಂದ ಅಪ್ಪನ ಮುಖ ಅವರದು. ಅವಳು ಒಂದು ಪೇಡ ಬಾಯಿಗೆ ಹಾಕಿಕೊಂಡಳು. ಆ ವಿಷ ಎಲ್ಲಿಂದ ಬಂತು ಎಂಬುದು ಇಡೀ ಸಾಗರದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದು ಅವಳ ಕೈಯಿಂದಲೇ ಬಂದಿತ್ತು.

ಹೇಗೆ ಬಂತು ಎನ್ನುವ ಮೊದಲು ಆ ವಿಷ ಹಿಡಿದ ಯಂತ್ರದ ಪುರಾಣ ಒಂಚೂರು ಹೇಳಲೇಬೇಕು, ಇಲ್ಲದಿದ್ದರೆ ಈ ಹುಡುಗಿ ಸಿಕ್ಕಿಬಿದ್ದ ರೀತಿ ಅರ್ಥವಾಗುವುದಿಲ್ಲ. ಹರ್ಷವರ್ಧನ ಏಳು ವರ್ಷ ಕೂತು ಮಾಡಿದ್ದು ಬೆರಳಗಲದ ಒಂದು ಕಾಗದದ ಪಟ್ಟಿ. ಬರಿಗಣ್ಣಿಗೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಆ ಬೂದಿಯೆಲ್ಲ ಬೆಳ್ಳಿ. ಕೂದಲೆಳೆಯೊಂದನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟಿದ್ದೀತೋ ಅಷ್ಟು ಸಣ್ಣ ಬೆಳ್ಳಿಯ ಮೊಳಕೆಗಳು. ತಿನ್ನುವ ಪದಾರ್ಥ ತೊಳೆದ ನೀರಿನ ಒಂದು ಹನಿ ಅದರ ಮೇಲೆ ಬಿಟ್ಟರೆ, ನೀರಿನಲ್ಲಿರುವ ರಾಸಾಯನಿಕದ ಕಣಗಳು ಮೊಳಕೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಪಟ್ಟಿಯನ್ನು ಟಿಫಿನ್ ಕ್ಯಾರಿಯರಿನಷ್ಟು ದೊಡ್ಡ ಯಂತ್ರದೊಳಗಿಟ್ಟು ಲೇಸರ್ ಬೆಳಕು ಬಿಡಬೇಕು. ಸಿಕ್ಕಿಕೊಂಡ ಕಣ ತನ್ನದೇ ರೀತಿಯಲ್ಲಿ ಬೆಳಕನ್ನು ವಾಪಸು ಎಸೆಯುತ್ತದೆ, ಪರದೆಯ ಮೇಲೆ ಒಂದು ಗೆರೆ ಗುಡ್ಡ ಗುಡ್ಡವಾಗಿ ಏಳುತ್ತದೆ. ಯಾವ ಗುಡ್ಡ ಎಲ್ಲಿ ಎದ್ದಿತು ಎಂದು ನೋಡಿದರೆ ಒಳಗಿರುವುದು ಏನೆಂದು ಗೊತ್ತಾಯಿತು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಒಂದು ಕೊಡ ಕೀಟನಾಶಕ ಸುರಿದರೂ ತಮ್ಮ ಪಟ್ಟಿ ಹಿಡಿಯುತ್ತದೆ ಎಂದು ಹರ್ಷವರ್ಧನ ಹೋದಲ್ಲೆಲ್ಲ ಭಾಷಣ ಮಾಡುತ್ತಿದ್ದರು. ಅದು ಸ್ವಲ್ಪ ಅತಿಯಾಯಿತು, ಬಿಡಿ, ಆದರೆ ಪಟ್ಟಿ ಹುಷಾರಿನದು ಎಂಬುದರಲ್ಲಿ ಸುಳ್ಳಿಲ್ಲ.

ಇಷ್ಟು ಹುಷಾರಿನ ಪಟ್ಟಿ ಎರಡು ವರ್ಷದಲ್ಲಿ ಇನ್ನೂರ ಹನ್ನೊಂದು ಮಾದರಿ ನೋಡಿ ಒಂದೇ ಒಂದು ವಿಷ ಹಿಡಿದಿರಲಿಲ್ಲ. ಮೆಣಸು, ಏಲಕ್ಕಿ, ಜೇನು, ಉಪ್ಪಾಗೆ, ಎಲ್ಲ ಶುದ್ಧ. ಬೆಳೆದವರಿಗೆ ಸಂತೋಷ, ಹರ್ಷವರ್ಧನರಿಗೆ ಸಂಕಟ. ನಿಮ್ಮ ಪಟ್ಟಿ ಏನನ್ನಾದರೂ ಹಿಡಿಯುತ್ತದೋ ಇಲ್ಲವೋ ಎಂದು ಮೇಲಿನವರು ಕೇಳತೊಡಗಿದ್ದರು. ಯಂತ್ರಕ್ಕೆ ಇನ್ನೊಂದು ಗುಣವಿತ್ತು. ಫಲಿತಾಂಶವನ್ನು ಸೇವ್ ಮಾಡಿದ ಕೂಡಲೇ ಅದು ಮಾಲು ಕೊಳ್ಳುವ ಕಂಪನಿಯವರ ಫೋನಿಗೆ ನೇರ ಹೋಗುತ್ತಿತ್ತು. ನಡುವೆ ಯಾರೂ ಕೈಯಾಡಿಸಬಾರದೆಂದು ಕಂಪನಿಯವರೇ ಹಾಕಿದ ಷರತ್ತು. ಅಳಿಸುವ ಗುಂಡಿ ಆ ಯಂತ್ರದಲ್ಲಿ ಇರಲೇ ಇಲ್ಲ.

ಯಶಸ್ವಿನಿಯ ಕೆಲಸ ಊರೂರು ತಿರುಗಿ ಮಾದರಿ ತರುವುದು, ತಂದದ್ದನ್ನು ಯಂತ್ರಕ್ಕೆ ಕೊಡುವುದು. ತೀರ್ಥಹಳ್ಳಿ ತಾಲೂಕಿನ ಅರಳಸುರಳಿಯವಳು. ಎಂ.ಎಸ್ಸಿ. ಮುಗಿಸಿ ನಾಲ್ಕು ವರ್ಷದಿಂದ ಇಲ್ಲೇ, ಹನ್ನೊಂದು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ. ಪ್ರತಿ ವರ್ಷ ಹನ್ನೆರಡನೇ ತಿಂಗಳು ಮನೆಯಲ್ಲಿ ಕೂತು, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನನ್ನೇ ನೋಡುವುದು ಅವಳ ಪಾಡು. ಈ ವರ್ಷ ಕಾಯಂ ಮಾಡುವ ಆದೇಶ ತಯಾರಾಗಿದೆ, ಮೇಲಿನವರ ಸಹಿಯೊಂದು ಬಾಕಿ ಎಂದು ಹರ್ಷವರ್ಧನರೇ ಹೇಳಿದ್ದರು. ಅಮ್ಮ ವರದಮ್ಮ ಆಗಲೇ ಅರ್ಧ ಊರಿಗೆ ಹೇಳಿಕೊಂಡು ಬಂದಿದ್ದಾಯಿತು.

ಈಗ ಆಗಸ್ಟಿನ ಆ ದಿನ. ಹೊಸನಗರದ ಆಚೆ, ಹಿನ್ನೀರಿನ ಅಂಚಿನ ಒಂದು ಊರಿನಲ್ಲಿ ಉಪ್ಪಾಗೆ ಕೊಯ್ಯುವ ಹೆಂಗಸರ ಸಂಘವಿದೆ. ಹದಿನಾಲ್ಕು ಮನೆ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಉಪ್ಪಾಗೆಯನ್ನು ಕಾಡಿನಿಂದ ಹೆಕ್ಕಿ ತಂದು, ಬೀಜ ತೆಗೆದು, ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸುವುದು ಅವರ ಕಸುಬು. ಸಾರಿಗೆ ಹುಳಿಯಾಗಿಯೂ ಆಗುತ್ತದೆ, ಔಷಧಿಗೂ ಆಗುತ್ತದೆ. ಕಾಡಿಗೆ ಹೋಗುವ ಅರಣ್ಯದವರ ಪಾಸು ಇರುವುದು ಸಂಘದ ಹೆಸರಿನಲ್ಲಿ. ಸಂಘದಲ್ಲಿ ಹೆಸರಿಲ್ಲದವರು ಒಂದು ಹಣ್ಣು ಮುಟ್ಟಿದರೂ ಕಳ್ಳತನ.

ಆ ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು ಕೆರಿಯಮ್ಮ. ಅರವತ್ತನಾಲ್ಕು ವರ್ಷ. ಅಣೆಕಟ್ಟಿನ ನೀರು ಏರಿ ಗದ್ದೆ ಮುಳುಗಿದಾಗ ಎದ್ದು ಬಂದು ಕಾಡಿನ ಅಂಚಿಗೆ ಕೂತ ಮನೆಗೆ ಸೊಸೆಯಾಗಿ ಬಂದವಳು. ಬಂದ ವರ್ಷದಿಂದ ಇವತ್ತಿನವರೆಗೆ ಒಂದು ಮಳೆಗಾಲವೂ ತಪ್ಪಿಸದೆ ಉಪ್ಪಾಗೆ ಹೆಕ್ಕಿದ್ದಾಳೆ. ಅವಳ ಬೆರಳುಗಳಿಗೆ ಆ ಹುಳಿಯ ಕಂದು ಬಣ್ಣ ಹತ್ತಿ ಎಷ್ಟೋ ವರ್ಷವಾಗಿದೆ. ಯಾವ ಮರ ಯಾವ ವಾರ ಉದುರಿಸುತ್ತದೆ ಎಂದು ಅವಳನ್ನೇ ಕೇಳಿ ಉಳಿದವರು ಹೊರಡುತ್ತಾರೆ.

ಕಂಪನಿಯ ನಿಯಮದ ಪ್ರಕಾರ ಮಾದರಿಯನ್ನು ಮರದ ಬುಡದಲ್ಲೇ ತೆಗೆಯಬೇಕು, ತೆಗೆಯುವವರು ನೀಲಿ ಕೈಗವಸು ಹಾಕಿರಬೇಕು, ಮನೆಗೊಂದು ಹೊಸ ಜೊತೆ. ಯಶಸ್ವಿನಿ ಹಾಕಿಕೊಂಡೇ ಹೋದಳು. ಆದರೆ ಅವಳಿಗೊಂದು ಹೆದರಿಕೆಯಿತ್ತು, ಹೇಳಿಕೊಂಡರೆ ಮಲೆನಾಡಿನಲ್ಲಿ ನಗೆಪಾಟಲು. ಇಂಬಳ, ರಕ್ತ ಹೀರುವ ಕಾಡಿನ ಜಿಗಣೆ. ಏಳು ವರ್ಷದವಳಿದ್ದಾಗ ಹಳ್ಳದ ನೀರು ಕುಡಿಯಲು ಬಗ್ಗಿದಾಗ ಒಂದು ಮೂಗಿನೊಳಗೆ ಹೊಕ್ಕು ಎರಡು ದಿನ ಅಲ್ಲೇ ಕೂತಿತ್ತು. ಅವತ್ತಿನಿಂದ ಇಂಬಳ ಕಂಡರೆ ಅವಳ ಜೀವ ಬಾಯಿಗೆ ಬರುತ್ತದೆ. ಕೆರಿಯಮ್ಮ ಹೆಕ್ಕುವ ಮರದ ಬುಡದಲ್ಲಿ ಬಗ್ಗಿದಾಗ ಕೈಗವಸಿನ ಒಳಗೆ, ಮಣಿಕಟ್ಟಿನ ಹತ್ತಿರ, ತಣ್ಣಗೆ ಏನೋ ಹರಿದ ಹಾಗಾಯಿತು. ಕಿರುಚಿಕೊಂಡು ಎರಡೂ ಕೈಗವಸು ಕಿತ್ತು ಕೆಸರಿಗೆಸೆದಳು.

ಕೆರಿಯಮ್ಮ ನಕ್ಕಳು, ಬೈಯಲಿಲ್ಲ. ಸೊಂಟದಿಂದ ಒಂದು ಕೋಲು ತೆಗೆದಳು. ಅಲ್ಲಿಯ ಹೆಂಗಸರು ಕಾಡಿಗೆ ಹೋಗುವಾಗ ಅದಿಲ್ಲದೆ ಹೋಗುವುದಿಲ್ಲ. ಗೇಣುದ್ದದ ಕೋಲಿನ ತುದಿಗೆ ಬಟ್ಟೆಯ ಗಂಟು. ಗಂಟಿನೊಳಗೆ ಪುಡಿ ಮಾಡಿದ ಹೊಗೆಸೊಪ್ಪು, ಸುಣ್ಣ. ಒದ್ದೆ ಮಾಡಿ ಮುಟ್ಟಿಸಿದರೆ ಎಂಥ ಇಂಬಳವೂ ಸುರುಟಿಕೊಂಡು ಉದುರುತ್ತದೆ. ಅವಳ ಮಣಿಕಟ್ಟಿಗೆ ಮುಟ್ಟಿಸಿ ಇಂಬಳ ಉದುರಿಸಿದ್ದಾಯಿತು. ಆಮೇಲೆ ಆ ಮುದುಕಿ, ತಾಯಿ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಕುಕ್ಕರಗಾಲಿನಲ್ಲಿ ಕೂತು, ಯಶಸ್ವಿನಿಯ ಎರಡೂ ಪಾದಕ್ಕೆ, ಬೆರಳ ಸಂದಿಗೆ ಗಂಟನ್ನು ತಿಕ್ಕಿ ತಿಕ್ಕಿ ಸವರಿದಳು. ಕೈಗೂ ಹಚ್ಚಿಕೋ ಎಂದು ಗಂಟನ್ನು ಅವಳ ಅಂಗೈಗೆ ಒತ್ತಿದಳು. ಯಶಸ್ವಿನಿಗೆ ಅಳುವೇ ಬಂದುಬಿಟ್ಟಿತು, ಅಷ್ಟು ಹಿತವಾಗಿತ್ತು ಅದು. ಉಳಿದ ಹದಿಮೂರು ಮನೆಯದು ಮೊದಲೇ ಮುಗಿದಿತ್ತು, ಬೇರೆ ಕೈಗವಸು ಚೀಲದಲ್ಲಿರಲಿಲ್ಲ. ಕೈಯನ್ನು ಎಲೆಗೆ ಒರೆಸಿ, ಚೂಡಿದಾರಕ್ಕೆ ಒರೆಸಿ, ಬರಿಗೈಯಲ್ಲೇ ಹಣ್ಣು ಹೆಕ್ಕಿ ಎರಡು ಚೀಲಕ್ಕೆ ತುಂಬಿ ಸೀಲು ಮಾಡಿದಳು. ಒಂದು ಪರೀಕ್ಷೆಗೆ, ಇನ್ನೊಂದು ಅನುಮಾನ ಬಂದರೆ ಮರುಪರೀಕ್ಷೆಗೆ. ಸಂಜೆ ಹದಿನಾಲ್ಕು ಮನೆಯ ಫಾರಂ ಒಟ್ಟಿಗೆ ತುಂಬುವಾಗ 'ಕೈಗವಸು ಧರಿಸಲಾಗಿತ್ತೇ' ಎಂಬ ಸಾಲಿನ ಮುಂದೆ ಹದಿನಾಲ್ಕು ಸಲವೂ 'ಹೌದು' ಎಂದು ಬರೆದು ಸಹಿ ಹಾಕಿದಳು. ಮೋಸ ಮಾಡಬೇಕೆಂದಲ್ಲ. ಕೈ ರೂಢಿಗೆ ಬಿದ್ದಿತ್ತು, ಅಷ್ಟೇ.

ಆ ರೂಢಿಯೇ ಸೆಪ್ಟೆಂಬರಿನಲ್ಲಿ ಅವಳ ಕೊರಳಿಗೆ ಬಂತು. ಕೆರಿಯಮ್ಮನ ಮಾದರಿ ಇಟ್ಟಾಗ ಪರದೆಯ ಮೇಲೆ ಇನ್ನೂರ ಹನ್ನೊಂದು ಸಲ ಏಳದ ಗುಡ್ಡವೊಂದು ಎದ್ದು ನಿಂತಿತು. ನಿಕೋಟಿನ್. ಹೊಗೆಸೊಪ್ಪಿನ ವಿಷ, ಕೀಟಗಳಿಗೆ ಹೊಡೆಯುವಂಥದ್ದು. ಅವಳ ಬೆರಳು ಎಂದಿನಂತೆ ಸೇವ್ ಒತ್ತಿತು. ಯಂತ್ರ ಕುಂಯ್ ಎಂದಿತು, ಸುದ್ದಿ ಕಂಪನಿಗೆ ಹೋಗಿ ಮುಟ್ಟಿತು. ಆಮೇಲೆ ಅವಳು ಇನ್ನೊಮ್ಮೆ ಪರದೆ ನೋಡಿದಳು. ದೊಡ್ಡ ಗುಡ್ಡದ ಪಕ್ಕದಲ್ಲಿ ಒಂದು ಸಣ್ಣ ಗುಡ್ಡ. ಸುಣ್ಣ ಬಳಿದ ಗೋಡೆಗೆ ಒರಗಿಸಿದ ಮೆಣಸಿನ ಚೀಲಗಳಲ್ಲಿ ಅವಳು ಎಷ್ಟೋ ಸಲ ನೋಡಿದ ಗುಡ್ಡವೇ ಅದು. ಸುಣ್ಣ ವಿಷವಲ್ಲ, ಆದ್ದರಿಂದ ವರದಿಯಲ್ಲಿ ಅದು ಅಚ್ಚಾಗುವುದಿಲ್ಲ. ಯಾರೂ ಅದರ ಕಡೆ ನೋಡುವುದೂ ಇಲ್ಲ. ಗಿಡಕ್ಕೆ ಹೊಡೆಯುವ ಹೊಗೆಸೊಪ್ಪಿನ ಕಷಾಯಕ್ಕೆ ಸೋಪು ಬೆರೆಸುತ್ತಾರೆ, ಸುಣ್ಣ ಬೆರೆಸುವವರನ್ನು ಅವಳು ಕಂಡಿರಲಿಲ್ಲ. ಹೊಗೆಸೊಪ್ಪು, ಸುಣ್ಣ. ಎರಡನ್ನೂ ಜೊತೆಗಿಟ್ಟು ಯೋಚಿಸಿದ್ದೇ ತಡ, ಅವಳ ಅಂಗೈಗೆ ಆ ಗಂಟಿನ ಒದ್ದೆ ತಾಗಿದ ಹಾಗಾಯಿತು.

ಅವತ್ತೇ ಹೇಳಿಬಿಡಬೇಕಿತ್ತು. ನಾವು ನೀವು ಹೊರಗೆ ನಿಂತು ಹಾಗೆ ಹೇಳುವುದು ಸುಲಭ. ನಾಳೆ ಬೆಳಿಗ್ಗೆ ಸಾರ್ ಬಂದಕೂಡಲೇ ಹೇಳುತ್ತೇನೆ ಎಂದು ಅವಳೂ ನಿಶ್ಚಯ ಮಾಡಿಕೊಂಡೇ ಬಂದಿದ್ದಳು. ಬೆಳಿಗ್ಗೆ ಸಾರ್ ಪೇಡದ ಜೊತೆ ಬಂದರು. ಎರಡು ವರ್ಷದ ಅವಮಾನ ಒಂದು ದಿನಕ್ಕೆ ತೀರಿಸಿದೆ ಮಗಳೇ ಎಂದರು. ಎಂದೂ ಅವಳನ್ನು ಮಗಳೇ ಎಂದವರಲ್ಲ. ಕಾಯಂ ಆದೇಶಕ್ಕೆ ಇದನ್ನೇ ತೋರಿಸಿ ಸಹಿ ಹಾಕಿಸುತ್ತೇನೆ ಎಂದರು. ಬಾಯಿ ತೆರೆದರೆ ಪೇಡ ಅಡ್ಡ ಬಂತು.

ಕೊನೆಗೆ ಸುತ್ತಿ ಬಳಸಿ ಇಷ್ಟೇ ಕೇಳಿದಳು: ಉಪ್ಪಾಗೆ ಮರ ಕಾಡಿನದು, ನಲವತ್ತು ಅಡಿ ಎತ್ತರದ್ದು, ಕೀಟನಾಶಕ ಹೊಡೆಯುವವರು ಯಾರು? ಹರ್ಷವರ್ಧನ ಕೆಟ್ಟ ಮನುಷ್ಯರಲ್ಲ, ಕೂಡಲೇ ಎರಡನೇ ಚೀಲವನ್ನೂ ಒಡೆದು ಪರೀಕ್ಷೆ ಮಾಡಿಸಿದರು. ಅದೂ ಅದೇ ದಿನ ಅದೇ ಕೈ ತುಂಬಿದ ಚೀಲ. ಅದೇ ಗುಡ್ಡ ಎದ್ದಿತು. "ಯಂತ್ರಕ್ಕೆ ಕಾಡು, ತೋಟ ಅಂತ ಗೊತ್ತಿಲ್ಲ ಯಶಸ್ವಿನಿ. ಇದ್ದದ್ದನ್ನ ಹೇಳುತ್ತೆ" ಎಂದರು. ಅಲ್ಲಿಗೆ ಇದ್ದೊಂದು ಸಂದಿಯೂ ಮುಚ್ಚಿಹೋಯಿತು.

ಆಮೇಲಿನ ಹತ್ತು ದಿನ ಅವಳು ಅನುಭವಿಸಿದ್ದು ಅವಳಿಗೇ ಗೊತ್ತು. ಒಂದೊಂದು ದಿನ ಕಳೆದ ಹಾಗೆ ಹೇಳುವುದು ಇನ್ನಷ್ಟು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ತಪ್ಪು ಒಂದೇ. ಈಗ ಹೇಳಿದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂಬುದೂ ಸೇರಿಕೊಳ್ಳುತ್ತಿತ್ತು. ಹರ್ಷವರ್ಧನ ಆ ಗುಡ್ಡದ ಚಿತ್ರವನ್ನು ದೊಡ್ಡದು ಮಾಡಿಸಿ ಬಾಗಿಲ ಎದುರಿನ ಗೋಡೆಗೇ ಅಂಟಿಸಿದರು. ಎಡಗಡೆಯ ದೊಡ್ಡ ಗುಡ್ಡ ಮಾತ್ರ. ಸಣ್ಣ ಗುಡ್ಡ ಕತ್ತರಿಸಿ ಹೋಗಿತ್ತು. ಒಳಗೆ ಬರುವಾಗ ಹೋಗುವಾಗ ಅವಳು ತಲೆ ತಗ್ಗಿಸುವುದನ್ನು ಕಲಿತಳು. ಕೈ ತೊಳೆದಷ್ಟೂ ಸಾಲದು ಅನ್ನಿಸುತ್ತಿತ್ತು. ಅಮ್ಮ ಫೋನು ಮಾಡಿ, ಆದೇಶ ಬಂದ ಕೂಡಲೇ ಸಿಗಂದೂರಿಗೆ ಹೋಗಿ ಬರೋಣ, ಈಗ ಹಿನ್ನೀರು ದಾಟಲು ಲಾಂಚಿಗೆ ಕಾಯುವ ರಗಳೆಯೂ ಇಲ್ಲ, ಸೇತುವೆ ಆಗಿದೆ ಎಂದಳು. ಯಶಸ್ವಿನಿ ಹೂಂ ಎಂದಳು. ದೇವಿಯ ಎದುರು ನಿಂತು ಏನು ಹೇಳುವುದು ಎಂದು ಯೋಚಿಸುತ್ತ ಫೋನು ಇಟ್ಟಳು. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ ಅಂತಾರಲ್ಲ, ಅದನ್ನು ಬಾಯಲ್ಲಿ ಇಟ್ಟುಕೊಂಡೇ ಅವಳು ಬಸ್ಸು ಹತ್ತಿದಳು, ಇಳಿದಳು, ಉಂಡಳು.

ಹನ್ನೊಂದನೇ ದಿನ ಸಂಘದ ಸಭೆ. ಹರ್ಷವರ್ಧನರ ಕಾರಿನಲ್ಲಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅವಳೂ ಹೋದಳು. ಬಟ್ಟೆಮಲ್ಲಪ್ಪ ಎಂಬ ಊರು ದಾಟಿ ಹೊಸನಗರದವರೆಗೂ ಅವರು ಪಟ್ಟಿಗೆ ಪೇಟೆಂಟ್ ಪಡೆಯುವ ಮಾತಾಡಿದರು. ಈ ಕಾರು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂದು ಅವಳು ದಾರಿಯುದ್ದಕ್ಕೂ ಹಾರೈಸಿದಳು. ಹೊಸ ಕಾರು, ಎಲ್ಲಿ ಕೆಡುತ್ತದೆ.

ಸಂಘದ ಶೆಡ್ಡಿನಲ್ಲಿ ಹದಿನಾಲ್ಕು ಮನೆಯ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಹಿಂದೆ ಒಣ ಉಪ್ಪಾಗೆಯ ಮೂಟೆಗಳು. ಕಂಪನಿಯ ಕಡೆಯಿಂದ ಬಂದಿದ್ದವನು ಪೂರ್ಣೇಶ್, ತೀರ್ಥಹಳ್ಳಿಯವನು, ಮಾತಿನಲ್ಲಿ ಬಹಳ ಮರ್ಯಾದೆ. ಮರ್ಯಾದೆಯಿಂದಲೇ ಅವನು ಬಾಂಬು ಹಾಕಿದ. ವಿಷ ಎಲ್ಲಿಂದ ಬಂತೆಂದು ಗೊತ್ತಾಗದಿದ್ದರೆ ಹದಿನಾಲ್ಕು ಮನೆಯ ಮಾಲೂ ಬೇಡ. ಯಾರಾದರೂ ತಾವೇ ಹೊಡೆದದ್ದು ಎಂದು ಒಪ್ಪಿಕೊಂಡರೆ ಆ ಒಂದು ಮನೆಯನ್ನು ಮಾತ್ರ ಮೂರು ವರ್ಷ ಸಂಘದಿಂದ ಹೊರಗಿಡಬೇಕು, ಉಳಿದವರಿಗೆ ತೊಂದರೆಯಿಲ್ಲ. ಸಂಘದಿಂದ ಹೊರಗೆ ಎಂದರೆ ಪಾಸು ಇಲ್ಲ. ಪಾಸು ಇಲ್ಲ ಎಂದರೆ ಕಾಡು ಇಲ್ಲ.

ಸಂಘದ ಅಧ್ಯಕ್ಷೆ ಹೂವಮ್ಮ ಕೆರಿಯಮ್ಮನ ಕಡೆ ನೋಡಲಾರದೆ ಠರಾವಿನ ಪುಸ್ತಕವನ್ನೇ ನೋಡುತ್ತ, ಏನಾದರೂ ಹೇಳುವುದಿದೆಯಾ ಅಕ್ಕ ಎಂದು ಕೇಳಿದಳು. ಕಾಡಿನ ಮರಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ ಎಂಬುದು ಅಲ್ಲಿದ್ದ ಹದಿನಾಲ್ಕೂ ಹೆಂಗಸರಿಗೆ ಗೊತ್ತಿತ್ತು. ಒಬ್ಬಳಾದರೂ ಬಾಯಿ ಬಿಡಬೇಕಲ್ಲ. ಕಾಡಿನಲ್ಲಿ ಹುಟ್ಟಿ ಬೆಳೆದವರು, ಟಿಫಿನ್ ಕ್ಯಾರಿಯರಿನಷ್ಟು ದೊಡ್ಡ ಡಬ್ಬಿಯೊಂದು ಹೇಳಿತೆಂದು ತಮ್ಮ ಕಣ್ಣನ್ನೇ ನಂಬದೆ ಕೂತರು. ಎರಡು ವರ್ಷ ಊರೂರು ತಿರುಗಿ, ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಅವರಿಗೆ ಹೇಳಿಕೊಟ್ಟವಳು ಯಶಸ್ವಿನಿಯೇ.

ಕೆರಿಯಮ್ಮ ಎದ್ದು ನಿಂತು ಹರ್ಷವರ್ಧನರನ್ನು ಕೇಳಿದಳು. "ಅದ್ರಲ್ಲಿ ಸಿಕ್ಕಿದ್ದು ಎಂಥದು ಅಂತ ಹೇಳಿದ್ರಿ?"

"ಹೊಗೆಸೊಪ್ಪಿನ ಅಂಶ, ಅಮ್ಮ" ಎಂದರು ಅವರು.

ಮುದುಕಿ ತನ್ನ ಕೈ ನೋಡಿಕೊಂಡಳು. ಆಮೇಲೆ ಅವಳ ಕಣ್ಣು ನಿಧಾನವಾಗಿ ಯಶಸ್ವಿನಿಯ ಪಾದಗಳಿಗೆ ಬಂತು, ಅಲ್ಲಿಂದ ಮುಖಕ್ಕೆ ಬಂತು. ಹೇಳಿಬಿಡು ಕೆರಿಯಮ್ಮ, ನೀನೇ ಹೇಳಿಬಿಡು ಎಂದು ಯಶಸ್ವಿನಿಯ ಒಳಗೆ ಒಂದು ಮನಸ್ಸು ಬೇಡುತ್ತಿತ್ತು; ಹೇಳಬೇಡ ಎಂದು ಇನ್ನೊಂದು. ಎರಡನೆಯದರ ದನಿಯೇ ಜೋರಾಗಿತ್ತು, ಅದಕ್ಕಾಗಿ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

"ನಾನೇ ಹಾಕಿದ್ದು" ಎಂದಳು ಕೆರಿಯಮ್ಮ. "ಬುಡಕ್ಕೆ ಇರುವೆ ಹತ್ತಿತ್ತು. ಹೊಗೆಸೊಪ್ಪು ಕದಡಿ ಹೊಯ್ದೆ. ಬೇರೆಯವರದ್ದು ಎಂಥದೂ ಇಲ್ಲ."

ಹೂವಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಠರಾವು ಬರೆದಳು. ಕೆರಿಯಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಪೂರ್ಣೇಶ್ ಕೈ ಮುಗಿದು, ನಿಮ್ಮಂಥ ಪ್ರಾಮಾಣಿಕರು ಅಪರೂಪ ಎಂದ. ಹರ್ಷವರ್ಧನ ಯಂತ್ರವನ್ನು ಮೇಜಿನ ಮೇಲೆ ಇಟ್ಟು, ಅದು ಕೆಲಸ ಮಾಡುವ ರೀತಿಯನ್ನು ಹೆಂಗಸರಿಗೆ ತೋರಿಸತೊಡಗಿದರು. ಹೊರಗೆ ಊಟಕ್ಕೆ ಎಲೆ ಹಾಕುತ್ತಿದ್ದರು.

ಯಶಸ್ವಿನಿ ಎದ್ದು ಹೊರಗೆ ಬಂದು, ಕಾರು ನಿಲ್ಲಿಸಿದ ರಸ್ತೆಯ ಕಡೆ ಕಾಲುದಾರಿ ಹಿಡಿದಳು. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕಾರಿನ ಕೀಲಿ ಅವಳ ಹತ್ತಿರ ಇರಲೂ ಇಲ್ಲ. ಹಿಂದಿನಿಂದ ಯಾರೋ ಕರೆದರು. ಕೆರಿಯಮ್ಮ.

"ನಿಲ್ಲು ಮಾರಾಯ್ತಿ. ಆ ಹುಲ್ಲಲ್ಲಿ ಇಂಬಳ ರಾಶಿ ಇದಾವೆ. ಬರಿಗಾಲಲ್ಲಿ ಹೊಂಟಿದೀಯಲ್ಲ."

ನೋಡಿಕೊಂಡರೆ ಚಪ್ಪಲಿ ಶೆಡ್ಡಿನ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಕೆರಿಯಮ್ಮ ಆಗಲೇ ಕುಕ್ಕರಗಾಲಿನಲ್ಲಿ ಕೂತಾಗಿತ್ತು. ಸೊಂಟದಿಂದ ಕೋಲು ತೆಗೆದು, ಗಂಟನ್ನು ಹುಲ್ಲಿನ ನೀರಿಗೆ ಅದ್ದಿ, ಅವಳ ಪಾದ ಹಿಡಿದು ಸವರತೊಡಗಿದಳು. ಅದೇ ಗಂಟು, ಅದೇ ಘಾಟು. ಯಶಸ್ವಿನಿ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಮುದುಕಿಯ ಹಿಡಿತ ಬಿಗಿಯಾಗಿತ್ತು.

"ನಿಮಗೆ ಗೊತ್ತಾಯ್ತಲ್ಲ ಅಮ್ಮ" ಎಂದಳು. "ಗೊತ್ತಾಗಿಯೂ ಯಾಕೆ ಹೇಳ್ಲಿಲ್ಲ?"

ಕೆರಿಯಮ್ಮ ತಲೆಯೆತ್ತಲಿಲ್ಲ. ಬೆರಳ ಸಂದಿಗೆ ಹಚ್ಚುತ್ತಲೇ ಹೇಳಿದಳು. "ನಿನ್ ಕೈಗೆ ಹಚ್ಚಿದ್ದು ನಾನೇ ಅಲ್ವಾ. ನಿಂಗೆ ಕೆಲ್ಸ ಹೋದ್ರೆ ಮತ್ತೆ ಸಿಗ್ತದಾ? ನಂಗೆ ಮೂರು ವರ್ಷ ಅಷ್ಟೇ. ಇದ್ರೆ ಆಮೇಲೆ ಹೆಕ್ಕಿದ್ರಾಯ್ತು."

ಇದ್ರೆ ಎಂದಳು. ಅರವತ್ತನಾಲ್ಕು ವರ್ಷದ ಹೆಂಗಸು, ಒಂದು ಮಳೆಗಾಲವನ್ನೂ ತಪ್ಪಿಸದವಳು, ಇದ್ರೆ ಎಂದಳು. ಯಶಸ್ವಿನಿಗೆ ದುಃಖ ಒತ್ತರಿಸಿಕೊಂಡು ಬಂತು. ಹತ್ತು ದಿನದಿಂದ ತಾನು ಹೆದರಿದ್ದೆಲ್ಲ ಕೆಲಸಕ್ಕೆ, ಸಹಿಗೆ, ಅಮ್ಮನ ಬಾಯಿಗೆ. ಈ ಮುದುಕಿಯ ಮೂರು ಮಳೆಗಾಲದ ಲೆಕ್ಕ ಅದರಲ್ಲಿ ಎಲ್ಲೂ ಇರಲಿಲ್ಲ. ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು.

ಬಗ್ಗಿ ಆ ಗಂಟನ್ನು ಕೋಲಿನ ಸಮೇತ ಕಿತ್ತುಕೊಂಡಳು. ಬಲಗೈಯ ಹೆಬ್ಬೆರಳನ್ನು ಅದಕ್ಕೆ ಒತ್ತಿ ತಿಕ್ಕಿದಳು. ಹಾಗೇ ಕೈ ಎತ್ತಿ ಹಿಡಿದುಕೊಂಡು ಶೆಡ್ಡಿನ ಕಡೆ ಬಿರಬಿರನೆ ನಡೆದಳು. ಎಂತ ಮಾಡ್ತೀಯೇ ಎಂದು ಕೇಳುತ್ತ ಕೆರಿಯಮ್ಮ ಮಂಡಿ ಹಿಡಿದುಕೊಂಡು ಹಿಂದೆ ಬಂದಳು.

ಒಳಗೆ ಹರ್ಷವರ್ಧನ ಇನ್ನೂ ಲಿಂಗನಮಕ್ಕಿಯ ಕೊಡದಲ್ಲೇ ಇದ್ದರು. ಅವರ ಪಕ್ಕಕ್ಕೆ ಹೋಗಿ, ಹೊಸ ಪಟ್ಟಿಯೊಂದನ್ನು ಬಿಚ್ಚಿ, ಹೆಬ್ಬೆರಳನ್ನು ಅದರ ಮೇಲೆ ಊರಿದಳು. ಒಂದು ಹನಿ ನೀರು ಬಿಟ್ಟಳು. ಯಂತ್ರದ ಬಾಯಿ ತೆಗೆದು ಇಟ್ಟಳು. ಏನಮ್ಮಾ ಇದು ಎಂದು ಅವರು ಕೇಳುತ್ತಿದ್ದ ಹಾಗೇ ಪರದೆಯ ಮೇಲೆ ಗೆರೆ ಎದ್ದಿತು. ದೊಡ್ಡ ಗುಡ್ಡ. ಪಕ್ಕದಲ್ಲಿ ಸಣ್ಣ ಗುಡ್ಡ.

"ಕೆರಿಯಮ್ಮನ ಮಾದರಿ ತೆಗೆದು ನೋಡಿ ಸಾರ್,‌ ಪೂರ್ತಿ ಗೆರೆ. ಇದೇ ಎರಡು ಗುಡ್ಡ ಇದೆ. ಎರಡನೇದು ಸುಣ್ಣ. ಇಂಬಳಕ್ಕೆ ಹಚ್ಚುವ ಗಂಟು ಇದು. ಅವತ್ತು ನಾನು ಕೈಗವಸು ಹಾಕಿರ್ಲಿಲ್ಲ. ಹಾಕಿದ್ದೆ ಅಂತ ಸುಳ್ಳು ಬರೆದೆ."

ಹರ್ಷವರ್ಧನ ಬುದ್ಧಿವಂತರು, ಎರಡನೇ ಸಲ ಹೇಳಬೇಕಾಗಲಿಲ್ಲ. ಅವರ ಮುಖದ ಬಣ್ಣ ಇಳಿಯಿತು. ಅವಳ ಕಿವಿಯ ಹತ್ತಿರ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದರು. "ಇದನ್ನ ಸೇವ್ ಮಾಡ್ಬೇಡ. ಇನ್ನೂರ ಚಿಲ್ಲರೆ ಮಾದರಿನೂ ನಿನ್ನ ಕೈಯಿಂದಲೇ ಬಂದಿದ್ದು. ನೀನೊಬ್ಬಳೇ ಅಲ್ಲ, ನನ್ನ ಏಳು ವರ್ಷನೂ ಹೋಗುತ್ತೆ. ಆ ಅಮ್ಮ ಒಪ್ಪಿಕೊಂಡಾಗಿದೆಯಲ್ಲ."

ಅದು ಬೆದರಿಕೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. ಯಶಸ್ವಿನಿಗೆ ಅವರ ಮೇಲೆ ನಿಜವಾಗಿಯೂ ಕನಿಕರ ಬಂತು. ಪರದೆಯ ಮೇಲೆ ಯಂತ್ರ ಎಂದಿನಂತೆ ಕೇಳುತ್ತಿತ್ತು: ಮಾದರಿ ಯಾರದು? ಗುಡ್ಡ ಎರಡೂ ಹಾಗೇ ನಿಂತಿದ್ದವು. ಚಾಪೆಯ ಮೇಲಿನ ಹೆಂಗಸರೆಲ್ಲ ಎದ್ದು ಮೇಜಿನ ಸುತ್ತ ಬಂದು ನಿಂತಿದ್ದರು. ಅವಳು ಎಡಗೈಯ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, ತನ್ನ ಹೆಸರು ಬರೆದಳು. ಊರು ಎಂಬಲ್ಲಿ ಅರಳಸುರಳಿ ಎಂದು ಬರೆದಳು. ಸೇವ್ ಒತ್ತಿದಳು.

ಯಂತ್ರ ಕುಂಯ್ ಎಂದಿತು. ಪೂರ್ಣೇಶನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನು ತೆಗೆದು ನೋಡಿ, ಯಶಸ್ವಿನಿಯನ್ನು ನೋಡಿ, ಮತ್ತೆ ಫೋನು ನೋಡಿದ. ಹರ್ಷವರ್ಧನ ಕುರ್ಚಿಯಲ್ಲಿ ಕೂತುಬಿಟ್ಟರು. ಹೂವಮ್ಮ ಯಾರನ್ನೂ ಏನೂ ಕೇಳದೆ ಠರಾವಿನ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಈಗಷ್ಟೇ ಬರೆದ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದಳು.

ಯಶಸ್ವಿನಿ ಅಲ್ಲೇ ನಿಂತಿದ್ದಳು, ಬಲಗೈಯನ್ನು ಯಾವುದಕ್ಕೂ ತಾಗಿಸದ ಹಾಗೆ ಎತ್ತಿ ಹಿಡಿದುಕೊಂಡು. ಆ ಕೈಯನ್ನು ಈಗ ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಕೆರಿಯಮ್ಮ ಚೊಂಬು ಹಿಡಿದು ನಿಂತಿದ್ದಳು, ಮುಖದಲ್ಲಿ ಸಿಟ್ಟೋ ಅಳುವೋ ಗೊತ್ತಾಗದ ಹಾಗೆ.

"ಹೆಡ್ಡಿ" ಎಂದಳು. "ಬಾ ಇಲ್ಲಿ, ಕೈ ಒಡ್ಡು. ಸುಣ್ಣ ಹಾಗೇ ಬಿಟ್ರೆ ಚರ್ಮ ಸುಡ್ತದೆ."

ಅವಳು ಹೋಗಿ ಕೈ ಒಡ್ಡಿದಳು. ಕೆರಿಯಮ್ಮ ನೀರು ಹೊಯ್ದಳು.